ಸಂಚಾರಿ ಗರಗಸ ಯಂತ್ರದ ಎಂಜಿನ್ ಸದ್ದು ಮತ್ತು ಅದನ್ನು ತಗ್ಗಿಸುವ ಬಗೆ

ಕಡಿದ ಮರವನ್ನು ಸಾಮಿಲ್ಲಿಗೆ ಹೊತ್ತೊಯ್ಯುವ ಬದಲು ಗರಗಸವನ್ನೇ ಮರದ ಬಳಿಗೆ ಒಯ್ದು, ಅಲ್ಲಿಯೇ ಹಲಗೆ, ತೊಲೆ, ಜಂತಿಗಳನ್ನು ಸೀಳುವ ಯಂತ್ರಕ್ಕೆ ಸಂಚಾರಿ ಗರಗಸ ಎನ್ನುತ್ತಾರೆ. ಉಕ್ಕಿನ ಚೌಕಟ್ಟು, ದಿಮ್ಮಿ ಮಲಗಿಸುವ ಹಾಸು, ಎರಡು ಗಾಲಿಗಳ ಮೇಲೆ ಪಟ್ಟಿಯಂತೆ ಸುತ್ತುವ ಬ್ಲೇಡು, ಅದನ್ನು ತಿರುಗಿಸುವ ಎಂಜಿನ್ ಇದರ ಮುಖ್ಯ ಅಂಗಗಳು. ಎಂಜಿನ್ ಪೆಟ್ರೋಲಿನದೋ ಡೀಸೆಲಿನದೋ ಆಗಿರಬಹುದು. ಟ್ರ್ಯಾಕ್ಟರ್ ಎಂಜಿನ್ನಿನ ಶಕ್ತಿಯನ್ನು ಬೇರೆ ಯಂತ್ರಕ್ಕೆ ದಾಟಿಸುವ ಪಿಟಿಓ ದಂಡದಿಂದಲೂ ಶಕ್ತಿ ಪಡೆಯಬಹುದು. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ 1982ರಲ್ಲಿ ಶುರುವಾದ ವುಡ್‌ಮೈಜರ್ ಕಂಪನಿ ತೆಳು ಬ್ಲೇಡಿನ ಇಂಥ ಯಂತ್ರಗಳನ್ನು ಹಲವು ದೇಶಗಳಿಗೆ ಮುಟ್ಟಿಸಿತು. ಉತ್ತರ ಭಾರತದಲ್ಲಿ ಟ್ರ್ಯಾಕ್ಟರಿಗೆ ಕಟ್ಟಿದ ಆರಾ ಮಷೀನುಗಳು ಊರೂರು ತಿರುಗುತ್ತವೆ. ಎಲ್ಲಿಗೆ ಹೋದರೂ ಯಂತ್ರದ ಜೊತೆ ಅದರ ಸದ್ದೂ ಹೋಗುತ್ತದೆ. ಸಾಮಿಲ್ಲಿನ ಸದ್ದಿಗೆ ಗೋಡೆ, ಚಾವಣಿ, ಊರಾಚೆಯ ಜಾಗ ಎಂಬ ಆಸರೆಗಳಿವೆ. ಸಂಚಾರಿ ಯಂತ್ರಕ್ಕೆ ಅವು ಯಾವುವೂ ಇಲ್ಲ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬ್ ಕಾಡಿನ ಸೀಮೆಯಲ್ಲ. ಇಲ್ಲಿ ಮರ ಕಾಣುವುದು ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಕಾಲುವೆಯ ಏರಿಯ ಮೇಲೆ. ಬೇವು, ಕರಿಜಾಲಿ, ಹುಣಸೆ, ನೀಲಗಿರಿ, ಎಲ್ಲಕ್ಕಿಂತ ಹೆಚ್ಚಾಗಿ ಬಳ್ಳಾರಿ ಜಾಲಿ. ಬಂಡಿಯ ಗಾಲಿಗೆ, ಕುಂಟೆಗೆ, ಕೂರಿಗೆಗೆ ಕರಿಜಾಲಿಯೇ ಬೇಕು. ಬಾಗಿಲ ಚೌಕಟ್ಟಿಗೆ, ಜಂತಿಗೆ ಬೇವು ನಡೆಯುತ್ತದೆ. ರಾಯಚೂರು ನಗರದ ಕಟಗಿ ಅಡ್ಡೆಗಳಲ್ಲಿ ದಿಮ್ಮಿ ಸೀಳುವ ಬ್ಯಾಂಡ್ ಸಾ ಕರೆಂಟಿನ ಮೋಟಾರಿನ ಮೇಲೆ ಓಡುತ್ತದೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರುಣ್ಣುವ ದೇವದುರ್ಗದ ಹಳ್ಳಿಗಳಲ್ಲಾಗಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿಯಲ್ಲಾಗಲಿ ಹೊಲದ ನಡುವೆ ಮರ ಕೊಯ್ಯಬೇಕೆಂದರೆ ಮೂರು ಫೇಸಿನ ತಂತಿ ಅಲ್ಲಿಗೆ ಬರುವುದಿಲ್ಲ. ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಹುಟ್ಟಿಸುತ್ತಿರುವ, 1,720 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರ ಇದೇ ಜಿಲ್ಲೆಯದು. ಅದರ ಹೊಗೆ ಕೊಳವೆಗಳು ಕಾಣುವಷ್ಟು ದೂರದ ಹೊಲದಲ್ಲೂ ಮರ ಕೊಯ್ಯಲು ಎಂಜಿನ್ನೇ ಬೇಕು. ಚೈನ್ ಸಾ ಇರಲಿ, ಸಂಚಾರಿ ಬ್ಯಾಂಡ್ ಸಾ ಇರಲಿ, ಅದನ್ನು ರಿಪೇರಿ ಮಾಡುವವನು ಪಂಪ್‌ಸೆಟ್ಟು, ರಾಶಿ ಯಂತ್ರ ನೋಡುವ ಮಿಸ್ತ್ರಿಯೇ. ಹಾಗಾಗಿ ಈ ಲೇಖನದ ಬಹುಪಾಲು ಸಂಗತಿ ಪಂಪ್‌ಸೆಟ್ಟಿಗೂ ಒಪ್ಪುತ್ತದೆ.

ಉತ್ತರ ಕರ್ನಾಟಕದ ಎಂಜಿನ್ ಪರಿಚಯ ಹಳೆಯದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋಗಿ ಕಬ್ಬಿಣದ ನೇಗಿಲು ಮಾಡಿದರು. ಅವರ ಮನೆತನ 1946ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್ ಕಂಪನಿ ಕಟ್ಟಿತು. ಇನ್ನೊಂದು ಬಗೆ ಇಂಗ್ಲೆಂಡಿನ ಲಿಸ್ಟರ್ ಮಾದರಿಯದು: ನಿಮಿಷಕ್ಕೆ 650 ಸುತ್ತಿನ, ಭಾರದ ಫ್ಲೈವೀಲಿನ, ಒಂದೇ ಸಿಲಿಂಡರಿನ ಎಂಜಿನ್. ಇದರ ನಕಲನ್ನು ಗುಜರಾತಿನ ರಾಜಕೋಟೆಯ ಕಾರ್ಖಾನೆಗಳು ದೇಶಕ್ಕೆಲ್ಲ ಒದಗಿಸಿದವು. ಹಿಟ್ಟಿನ ಗಿರಣಿಯ ಟುಕ್ ಟುಕ್ ಸದ್ದು ಈ ಎಂಜಿನ್ನಿನದೇ. ಗಿರಣಿ ಶುರುವಾಯಿತೆಂದು ಊರಿಗೆ ತಿಳಿಸಲು ಆ ಸದ್ದೇ ಸಾಕಾಗಿತ್ತು. ಆದ್ದರಿಂದಲೇ ಎಂಜಿನ್ ಸದ್ದು ಒಂದು ಕೇಡು ಎಂದು ನಮ್ಮ ಕಡೆ ಬಹಳ ಕಾಲ ಯಾರಿಗೂ ಅನ್ನಿಸಲಿಲ್ಲ. ಸದ್ದು ಎಂದರೆ ಕೆಲಸ ನಡೆದಿದೆ ಎಂದರ್ಥ. ಆ ಭಾವನೆಯೊಳಗೆ ಗಿರಣಿಯವನ ಕಿವಿ, ಗರಗಸದವನ ಕಿವಿ ಮರೆತು ಹೋದವು.

ಸದ್ದು ಹುಟ್ಟುವ ಕಡೆಗಳು

ಎಂಜಿನ್ ಸದ್ದು ಒಂದೇ ಸದ್ದಲ್ಲ. ಹೊಗೆ ಕೊಳವೆಯ ಬಾಯಲ್ಲಿ ಒಂದು, ಗಾಳಿ ಎಳೆದುಕೊಳ್ಳುವ ಕಡೆ ಒಂದು, ಉರಿಯ ಹೊಡೆತಕ್ಕೆ ಮೈ ಅದುರಿ ಹೊರಡುವುದು ಒಂದು, ಫ್ಯಾನಿನದು ಒಂದು. ಅದುರು ಬೋಲ್ಟುಗಳ ಮೂಲಕ ಚೌಕಟ್ಟಿಗೆ ಇಳಿದು, ಚೌಕಟ್ಟೇ ತಮಟೆಯಾಗಿ ಬಡಿಯುವುದು ಮತ್ತೊಂದು. ಇವುಗಳ ಮೇಲೆ ಬ್ಲೇಡಿನ ಕಿರುಚು. ಡೆಸಿಬಲ್ ಲೆಕ್ಕದಲ್ಲಿ ಇವು ಕೂಡುವ ರೀತಿ ವಿಚಿತ್ರ. ಸಮ ಜೋರಿನ ಎರಡು ಸದ್ದು ಸೇರಿದರೆ ಏರುವುದು 3 ಡೆಸಿಬಲ್ ಮಾತ್ರ. ಕೆಲಸಗಾರ ನಿಂತಲ್ಲಿ ಹೊಗೆ ಕೊಳವೆಯದು 100, ಬ್ಲೇಡು ಮತ್ತು ಉಳಿದದ್ದೆಲ್ಲ ಸೇರಿ 98 ಡೆಸಿಬಲ್ ಎಂದು ಇಟ್ಟುಕೊಳ್ಳೋಣ. ಒಟ್ಟು 102. ಒಳ್ಳೆಯ ಸೈಲೆನ್ಸರ್ ಹಾಕಿ ಕೊಳವೆಯ ಸದ್ದನ್ನು 20 ಡೆಸಿಬಲ್ ಇಳಿಸಿದರೂ ಒಟ್ಟು ಸದ್ದು 98ರಲ್ಲಿ ನಿಲ್ಲುತ್ತದೆ. ‘ಇಷ್ಟು ದುಡ್ಡು ಸುರಿದರೂ ಏನೂ ಆಗಲಿಲ್ಲ’ ಎಂದು ಕೈಚೆಲ್ಲುವವರು ಎಡವುವುದು ಇಲ್ಲಿಯೇ. ಸೈಲೆನ್ಸರ್ ತನ್ನ ಕೆಲಸ ಮಾಡಿದೆ; ಈಗ ಬ್ಲೇಡಿನ ಸರದಿ. ಎಲ್ಲಕ್ಕಿಂತ ಜೋರಾದದ್ದನ್ನು ಮೊದಲು ಹಿಡಿದು, ಅದು ಉಳಿದವುಗಳ ಕೆಳಗೆ ಇಳಿದ ಮೇಲೆ ಮುಂದಿನದಕ್ಕೆ ಹೋಗಬೇಕು.

ದೂರದವನಿಗೂ ಹತ್ತಿರದವನಿಗೂ ಕೇಳುವುದು ಒಂದೇ ಸದ್ದಲ್ಲ. ಬ್ಲೇಡಿನ ಕಿರುಚು, ಫ್ಯಾನಿನ ಸುಯ್ಲು ಗಾಳಿಯಲ್ಲಿ ಬೇಗ ಕರಗುತ್ತವೆ. ಕೊಳವೆಯ ಗುಡುಗು ಮಾತ್ರ ಹೊಲ ದಾಟಿ ಊರು ಮುಟ್ಟುತ್ತದೆ. ಅಕ್ಕಪಕ್ಕದವರ ತಕರಾರಿಗೆ ಹೆದರಿ ಸದ್ದು ತಗ್ಗಿಸಲು ಹೊರಟವರು ಆ ಗುಡುಗನ್ನಷ್ಟೇ ಅಡಗಿಸುತ್ತಾರೆ. ಯಂತ್ರದ ಪಕ್ಕ ನಿಂತವನು ಮಿಕ್ಕದ್ದನ್ನೆಲ್ಲ ಕೇಳುತ್ತಲೇ ಇರುತ್ತಾನೆ.

ಹೊಗೆ ಕೊಳವೆ

ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಎಂಜಿನ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ನಿಮಿಷಕ್ಕೆ 650 ಸುತ್ತಿನ ಗಿರಣಿ ಎಂಜಿನ್ ಸೆಕೆಂಡಿಗೆ ಸುಮಾರು 5 ಸಲ ಗುದ್ದುತ್ತದೆ, 1,500 ಸುತ್ತಿನ ಡೀಸೆಲ್ ಪಂಪ್‌ಸೆಟ್ಟು 12 ಅಥವಾ 13 ಸಲ, 3,600 ಸುತ್ತಿನ ಪೆಟ್ರೋಲ್ ಎಂಜಿನ್ 30 ಸಲ. ಇಷ್ಟು ಕೆಳಗಿನ ಕಂಪನ ಕಿವಿಗೆ ಸದ್ದಾಗಿ ಕೇಳುವುದಕ್ಕಿಂತ ಎದೆಗೆ ಗುದ್ದಾಗಿ ತಟ್ಟುತ್ತದೆ. ನಾವು ಸದ್ದೆಂದು ಕೇಳುವುದು ಅದರ ಹಲವು ಪಟ್ಟಿನ ಕಂಪನಗಳನ್ನು, ಮುಖ್ಯವಾಗಿ 50ರಿಂದ ಕೆಲವು ನೂರು ಹರ್ಟ್ಸ್‌ವರೆಗಿನವನ್ನು.

ಸೈಲೆನ್ಸರಿನ ಸರಳ ರೂಪ ಒಂದು ಖಾಲಿ ಡಬ್ಬಿ. ಸಣ್ಣ ಕೊಳವೆಯಿಂದ ದೊಡ್ಡ ಡಬ್ಬಿಗೆ ಬಿದ್ದ ಒತ್ತಡದ ಅಲೆ ಹಿಗ್ಗಿ, ಅರ್ಧಂಬರ್ಧ ಹಿಂದಕ್ಕೆ ಬಡಿದು, ತನ್ನನ್ನೇ ತಾನು ಕತ್ತರಿಸಿಕೊಳ್ಳುತ್ತದೆ. ಡಬ್ಬಿಯ ಅಡ್ಡಳತೆ ಕೊಳವೆಯ ನಾಲ್ಕು ಪಟ್ಟಿದ್ದರೆ ಒಂದು ಕೋಣೆಯಿಂದ ಹೆಚ್ಚೆಂದರೆ ಸುಮಾರು 18 ಡೆಸಿಬಲ್ ಇಳಿಕೆ ಸಿಗುತ್ತದೆ. ಆ ಹೆಚ್ಚಿನ ಇಳಿಕೆ ಸಿಗುವುದು ಡಬ್ಬಿಯ ಉದ್ದ ಅಲೆಯ ಉದ್ದದ ಕಾಲು ಭಾಗಕ್ಕೆ ಹೊಂದಿದಾಗ. 400 ಡಿಗ್ರಿ ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 520 ಮೀಟರ್. ಅಂದರೆ 100 ಹರ್ಟ್ಸ್ ಅಡಗಿಸುವ ಡಬ್ಬಿ 1.3 ಮೀಟರ್ ಉದ್ದ ಇರಬೇಕು. ಎಂಜಿನ್ ಜೊತೆ ಬರುವ ಗೇಣುದ್ದದ ಸೈಲೆನ್ಸರ್ ಚಟಪಟ ನುಂಗಿ, ಗುಡುಗನ್ನು ಹಾಗೇ ಬಿಡುವುದು ಇದೇ ಕಾರಣಕ್ಕೆ.

ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವವರಿಗೆ ನೆನಪಿನಲ್ಲಿ ಉಳಿಯುವ ಅಳತೆ ಒಂದಿದೆ: ಸೈಲೆನ್ಸರಿನ ಒಳ ಗಾತ್ರ ಎಂಜಿನ್ನಿನ ಸಿಸಿಯ ಹತ್ತು ಪಟ್ಟಾದರೂ ಇರಲಿ. 1,400 ಸಿಸಿ ಎಂಜಿನ್ನಿಗೆ 14 ಲೀಟರ್, ಅಂದರೆ ಕಿರಾಣಿ ಅಂಗಡಿಯ 15 ಕಿಲೋ ಎಣ್ಣೆ ಡಬ್ಬಿಯಷ್ಟು. ಹಾಗೆಂದು ಎಣ್ಣೆ ಡಬ್ಬಿಯನ್ನೇ ಕಟ್ಟಿದರೆ ಕೆಟ್ಟಿತು. ತೆಳು ತಗಡು ತಾನೇ ಅದುರಿ ಒಳಗಿನ ಸದ್ದನ್ನು ಮೈಯಿಂದ ಹೊರಗೆ ಚೆಲ್ಲುತ್ತದೆ. ಕೆಲವೇ ದಿನಗಳಲ್ಲಿ ಸುಟ್ಟು ತೂತಾಗುತ್ತದೆ. 2ರಿಂದ 3 ಮಿಲಿಮೀಟರ್ ದಪ್ಪದ ಪ್ಲೇಟು ಬೇಕು, ಚೌಕಕ್ಕಿಂತ ದುಂಡಗಿನ ಸಿಲಿಂಡರ್ ಮೇಲು. ನಡುವೆ ಒಂದು ಅಡ್ಡಗೋಡೆ ಹಾಕಿ ಕೋಣೆಗಳನ್ನು ಉದ್ದ ಗಿಡ್ಡ ಮಾಡಿದರೆ ಒಂದು ಬಿಟ್ಟ ಸದ್ದನ್ನು ಇನ್ನೊಂದು ಹಿಡಿಯುತ್ತದೆ. ಕೊನೆಯ ಕೋಣೆಯಲ್ಲಿ ತೂತು ಕೊಳವೆ ಇಟ್ಟು ಸುತ್ತ ಕಲ್ಲಿನ ಎಳೆಯ ರಾಕ್‌ವುಲ್ ತುಂಬಿದರೆ ಮೇಲಿನ ಕಂಪನದ ಸದ್ದೂ ಇಳಿಯುತ್ತದೆ. ಬಟ್ಟೆ, ನಾರು, ಸೆಣಬು ತುಂಬಬಾರದು. ಅವು ಬೆಂಕಿಗೆ ಸೌದೆ.

ಹೊಗೆಯ ದಾರಿ ಇಕ್ಕಟ್ಟಾದರೆ ಎಂಜಿನ್ ಉಸಿರು ಕಟ್ಟುತ್ತದೆ. ಸದ್ದು ಇಳಿಯಲೆಂದು ಬಾಯಿಗೆ ತಗಡು ಬಡಿದವರು ಕಪ್ಪು ಹೊಗೆ, ಸುಟ್ಟ ವಾಲ್ವು, ಹೆಚ್ಚಿದ ಡೀಸೆಲ್ ಖರ್ಚು ಕಂಡಿದ್ದಾರೆ. ಒಳಗಿನ ಯಾವ ಕೊಳವೆಯೂ ಎಂಜಿನ್ನಿನ ಮೂಲ ಕೊಳವೆಗಿಂತ ಸಣ್ಣದಿರಬಾರದು, ತೂತುಗಳೆಲ್ಲ ಕೂಡಿದ ಕ್ಷೇತ್ರ ಕೊಳವೆಯ ಬಾಯಿಗಿಂತ ಹೆಚ್ಚಿರಬೇಕು. ಹೊಸ ಸೈಲೆನ್ಸರಿಗೆ ಮೊದಲು ಹಳೆಯ ಜಾಯಿಂಟುಗಳನ್ನೂ ನೋಡಬೇಕು. ಗ್ಯಾಸ್ಕೆಟ್ ಸುಟ್ಟು ಬಿಟ್ಟ ಕೂದಲೆಳೆಯ ಸೀಳಿನಿಂದ ಬರುವ ಚಟಚಟ ಸದ್ದು ಎಂಥ ಸೈಲೆನ್ಸರನ್ನೂ ಸೋಲಿಸುತ್ತದೆ. ಎಂಜಿನ್ ತಣ್ಣಗಿದ್ದಾಗ ಶುರು ಮಾಡಿ ಜಾಯಿಂಟಿನ ಸುತ್ತ ಸೋಪು ನೀರು ಸವರಿದರೆ ಗುಳ್ಳೆ ಎದ್ದ ಕಡೆ ಸೀಳು ಸಿಗುತ್ತದೆ. ಐದು ನಿಮಿಷದ ಕೆಲಸ, ದುಡ್ಡಿಲ್ಲ. ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಇದೇ ಎಂದು ಒತ್ತಿ ಹೇಳಬೇಕು.

ವಾರಗಟ್ಟಲೆ ಒಂದೇ ಜಾಗದಲ್ಲಿ ಕೊಯ್ಯುವುದಿದ್ದರೆ ನೆಲವೇ ಸೈಲೆನ್ಸರ್ ಆಗಬಲ್ಲದು. 200 ಲೀಟರಿನ ಡ್ರಮ್ಮನ್ನು ಹೂತು, ಬಾಗುವ ಉಕ್ಕಿನ ಕೊಳವೆಯಿಂದ ಹೊಗೆಯನ್ನು ಅದಕ್ಕೆ ಬಿಟ್ಟು, ಇನ್ನೊಂದು ಅಗಲ ಕೊಳವೆಯಿಂದ ಮೇಲಕ್ಕೆ ತೆಗೆಯುವ ಉಪಾಯ ಇದು. 1,400 ಸಿಸಿ ಎಂಜಿನ್ನಿಗೆ ಆ ಡ್ರಮ್ಮು ಸುಮಾರು 140 ಪಟ್ಟು. ಸುತ್ತಲಿನ ಮಣ್ಣು ಡ್ರಮ್ಮಿನ ಮೈ ಅದುರದಂತೆ ಹಿಡಿಯುತ್ತದೆ. ಎಂಜಿನ್ ಕಡೆಯ ಕೊಳವೆ ಡ್ರಮ್ಮಿನ ಕಡೆಗೆ ಇಳಿಜಾರಾಗಿರಬೇಕು. ಇಲ್ಲವಾದರೆ ಹೊಗೆಯಲ್ಲಿನ ನೀರು ತಣಿದು ಎಂಜಿನ್ನಿಗೇ ಮರಳುತ್ತದೆ. ತಗ್ಗಿನಲ್ಲಿ, ಬಾವಿಯ ಬಳಿ, ಮುಚ್ಚಿದ ಷೆಡ್ಡಿನಲ್ಲಿ ಇದನ್ನು ಮಾಡಲೇಬಾರದು. ಬಾವಿಯೊಳಗೆ ಎಂಜಿನ್ ಇಳಿಸಿ ನೀರೆತ್ತಲು ಹೋಗಿ, ಬಣ್ಣವಿಲ್ಲದ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡಿಗೆ ಜೀವ ತೆತ್ತ ರೈತರ ಸುದ್ದಿ ನಮ್ಮ ನಾಡಿಗೆ ಹೊಸದಲ್ಲ.

ಎರೆ ನೆಲ, ಬಿಸಿಲು, ಬಣವೆ

ಹೊರಗಿನ ಕೈಪಿಡಿಗಳು ಎಂಜಿನ್ನನ್ನು ಪೆಟ್ಟಿಗೆಯೊಳಗೆ ಮುಚ್ಚಿ ಎನ್ನುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಲ್ಲಿ ಗಾಳಿಯಿಂದ ತಣಿಯುವ ಎಂಜಿನ್ನನ್ನು ಮುಚ್ಚಿದರೆ ಪಿಸ್ಟನ್ ಹಿಡಿದುಕೊಳ್ಳುವುದು ಖಚಿತ. ಇಲ್ಲಿಗೆ ಹೊಂದುವುದು ಅರೆಮುಚ್ಚು: ಕೆಲಸಗಾರನ ಕಡೆ ಮತ್ತು ಊರಿನ ಕಡೆ ಗೋಡೆ, ಉಳಿದೆರಡು ಕಡೆ ಬಯಲು. ಆ ಗೋಡೆ ಎಂಜಿನ್ನಿಗೆ ಹತ್ತಿರವಿರಬೇಕು, ಕಿವಿಗೂ ಎಂಜಿನ್ನಿಗೂ ನಡುವಿನ ನೇರ ನೋಟವನ್ನು ಕಡಿಯಬೇಕು, ಸಂದು ಇರಬಾರದು. ಮಣ್ಣು ತುಂಬಿದ ಗೋಣಿಚೀಲಗಳನ್ನು ಆಳೆತ್ತರ ಒಟ್ಟಿದರೂ ಸಾಕು. 5ರಿಂದ 10 ಡೆಸಿಬಲ್ ಇಳಿಯುತ್ತದೆ. ಕೊಯ್ದ ಹಲಗೆಯ ಅಟ್ಟಿಯನ್ನೇ ಆ ಜಾಗದಲ್ಲಿ ಪೇರಿಸಿದರೆ ಕೂಲಿಯೂ ಉಳಿಯಿತು. ಮಾನ್ವಿ ಕಡೆ ಅಕ್ಕಿ ಗಿರಣಿಯ ಭತ್ತದ ಹೊಟ್ಟು ಬೇಕಾದಷ್ಟು ಸಿಗುತ್ತದೆಂದು ಅದನ್ನು ಚೀಲಕ್ಕೆ ತುಂಬುವುದು ತಪ್ಪು. ಹಗುರವಾದದ್ದು ಸದ್ದನ್ನು ತಡೆಯುವುದಿಲ್ಲ, ಮೇಲಾಗಿ ಕಿಡಿಗೆ ಬಾಯಿ ತೆರೆದು ಕೂತಿರುತ್ತದೆ. ಹತ್ತಿ ಕಟ್ಟಿಗೆಯ ಬೇಲಿಯೂ ಅಷ್ಟೇ. ನೋಟವನ್ನು ಮರೆಮಾಡುತ್ತದೆ, ಸದ್ದನ್ನಲ್ಲ.

ಕಿಡಿಯ ಮಾತು ಸಣ್ಣದಲ್ಲ. ಸುಗ್ಗಿಯಲ್ಲಿ ಮಾನ್ವಿಯ ಹೊಲಗಳ ಪಕ್ಕ ಭತ್ತದ ಹುಲ್ಲಿನ ಬಣವೆ, ರಾಯಚೂರಿನ ಮಾರುಕಟ್ಟೆ ದಾರಿಯಲ್ಲಿ ಹತ್ತಿ ಹೇರಿದ ಗಾಡಿ ಸಾಲು ಇರುತ್ತವೆ. ಕೊಳವೆಯ ಬಾಯಿಗೆ ಕಿಡಿ ತಡೆಯುವ ಜಾಲರಿ ಇರಲೇಬೇಕು, ಅದನ್ನು ಆಗಾಗ ಬಿಚ್ಚಿ ಮಸಿ ತೆಗೆಯಬೇಕು. ಸೈಲೆನ್ಸರಿನ ಮೈಮೇಲೆ ಮರದ ಪುಡಿ ಕೂತರೆ ಮೊದಲು ಹೊಗೆಯಾಡುತ್ತದೆ, ಆಮೇಲೆ ಹೊತ್ತುತ್ತದೆ. ಗಾಳಿ ಎಳೆಯುವ ಕಡೆಯ ಫಿಲ್ಟರ್ ಪುಡಿ ಹಿಡಿದು ಕಟ್ಟಿದರೆ ಬಿಚ್ಚಿಟ್ಟು ಓಡಿಸುವ ರೂಢಿ ಬಹಳ ಕಡೆ ಇದೆ. ಅದರಿಂದ ಸದ್ದು ಏರುತ್ತದೆ, ಸಿಲಿಂಡರೂ ಸವೆಯುತ್ತದೆ. ಫಿಲ್ಟರಿನ ಡಬ್ಬಿ ಧೂಳು ತಡೆಯುವಂತೆ ಸದ್ದನ್ನೂ ತಡೆಯುತ್ತದೆ.

ಇನ್ನು ನೆಲ. ಮಸಾರಿ ನೆಲದಲ್ಲಿ ಯಂತ್ರ ಗಟ್ಟಿಯಾಗಿ ಕೂರುತ್ತದೆ. ಎರೆ ನೆಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಅಂಟಾಗಿ ಜಾರುತ್ತದೆ. ನಾಲ್ಕು ಕಾಲಿನಲ್ಲಿ ಒಂದು ಬಿರುಕಿನ ಮೇಲೆ ಕೂತರೂ ಚೌಕಟ್ಟು ತಿರುಚಿ, ಪ್ರತಿ ಗುದ್ದಿಗೂ ಬಡಿಯುತ್ತದೆ. ಅಡಿಗೆ ದಪ್ಪ ಜಾಲಿ ತುಂಡುಗಳನ್ನು ಅಡ್ಡ ಹಾಸಿ, ನೀರುಮಟ್ಟ ನೋಡಿ ಕೂರಿಸಿದರೆ ಅರ್ಧ ಗದ್ದಲ ಅಲ್ಲಿಗೇ ಮುಗಿಯುತ್ತದೆ.

ಎಂಜಿನ್ನಿನ ಅಡಿಗೆ ರಬ್ಬರ್ ಕೊಡುವುದು ಎಲ್ಲರಿಗೂ ಹೊಳೆಯುವ ಉಪಾಯ. ಇಲ್ಲಿ ಎಚ್ಚರ ಬೇಕು. ರಬ್ಬರಿನ ಮೇಲೆ ಕೂತ ಎಂಜಿನ್ನಿಗೆ ತನ್ನದೇ ಒಂದು ತೂಗಾಟದ ಲಯ ಇರುತ್ತದೆ. ಆ ಲಯ ಎಂಜಿನ್ ಗುದ್ದಿನ ಲಯಕ್ಕಿಂತ ಸಾಕಷ್ಟು ನಿಧಾನವಾಗಿದ್ದರೆ ಮಾತ್ರ ಅದುರು ಕೆಳಗಿಳಿಯುವುದು ನಿಲ್ಲುತ್ತದೆ. ಮೂರರಲ್ಲೊಂದು ಇದ್ದರೆ ಒಳ್ಳೆಯದು. 3,600 ಸುತ್ತಿನ ಪೆಟ್ರೋಲ್ ಎಂಜಿನ್ನಿಗೆ ಪೇಟೆಯಲ್ಲಿ ಸಿಗುವ ರಬ್ಬರ್ ಮೌಂಟು ಚೆನ್ನಾಗಿ ಹೊಂದುತ್ತದೆ. ಸೆಕೆಂಡಿಗೆ 5 ಗುದ್ದಿನ ಗಿರಣಿ ಎಂಜಿನ್ನಿನ ಅಡಿಗೆ ಅದನ್ನೇ ಕೊಟ್ಟರೆ ಎರಡು ಲಯ ಹತ್ತಿರ ಬಂದು ಎಂಜಿನ್ ಕುಣಿಯತೊಡಗುತ್ತದೆ. ಹಳೆ ಟೈರಿನ ತುಂಡು ಇಟ್ಟು ಬೋಲ್ಟು ಮುರಿದುಕೊಂಡವರಿಗೆ ಇದು ಅನುಭವದಿಂದ ಗೊತ್ತು. ನಿಧಾನದ ಎಂಜಿನ್ನಿಗೆ ಭಾರದ ತಳಹದಿ, ವೇಗದ ಎಂಜಿನ್ನಿಗೆ ಮೆತ್ತನೆಯ ರಬ್ಬರು ಎಂದು ನೆನಪಿಡಬಹುದು.

ಬ್ಲೇಡಿನ ವಿಷಯದಲ್ಲಿ ಹಲ್ಲು ಮೊಂಡಾದರೆ, ಬಿಗಿತ ಸಡಿಲಾದರೆ, ಗಾಲಿ ಓಲಿದರೆ ಕಿರುಚು ಏರುತ್ತದೆ. ಒಣಗಿದ ಕರಿಜಾಲಿ ಹಸಿ ನೀಲಗಿರಿಗಿಂತ ಜೋರಾಗಿ ಕೂಗಿಸುತ್ತದೆ. ಮೊಂಡ ಬ್ಲೇಡಿಗೆ ಎಂಜಿನ್ನಿನ ವೇಗ ಏರಿಸುವುದು ರೂಢಿ. ಹಲ್ಲು ಮಸೆದರೆ ಎರಡೂ ಸದ್ದು ಒಟ್ಟಿಗೆ ಇಳಿಯುತ್ತವೆ.

ಕರೆಂಟು ಸಿಗುವ ಅಡ್ಡೆಯಲ್ಲಿ ಮೋಟಾರಿಗಿಂತ ಒಳ್ಳೆಯ ಸೈಲೆನ್ಸರ್ ಇಲ್ಲ. ಹೊಲದಲ್ಲೂ ಒಂದು ದಾರಿ ಇದೆ: ಮುಚ್ಚುಗೂಡಿನ ಜನರೇಟರನ್ನು 20–30 ಮೀಟರ್ ಆಚೆ ನಿಲ್ಲಿಸಿ, ಕೇಬಲ್ ಎಳೆದು ಮೋಟಾರಿನಿಂದ ಗರಗಸ ಓಡಿಸುವುದು. ಕೇಂದ್ರ ಸರಕಾರ 2002ರ ಮೇ ತಿಂಗಳಲ್ಲಿ ಹೊರಡಿಸಿದ ನಿಯಮದಂತೆ ಹೊಸ ಡೀಸೆಲ್ ಜನರೇಟರಿನ ಸದ್ದು ಗೂಡಿನಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರುವಂತಿಲ್ಲ. ಕಾರ್ಖಾನೆಯಲ್ಲಿ ಮಾಡಿದ ಈ ಗೂಡಿಗೆ ಗಾಳಿಯ ದಾರಿ, ಫ್ಯಾನು ಎಲ್ಲ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಒಮ್ಮೆಗೆ ಖರ್ಚು ಹೆಚ್ಚು. ಆದರೆ ಹತ್ತು ಜನ ಕೂಡಿ ಬಾಡಿಗೆಗೆ ತಂದರೆ ಆಗದ ಮಾತಲ್ಲ.

ದೂರ, ಹೊತ್ತು, ಕಾಯಿದೆ

ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಯಂತ್ರದಿಂದ 1 ಮೀಟರಿನಲ್ಲಿ 95 ಡೆಸಿಬಲ್ ಇದ್ದರೆ 100 ಮೀಟರಿನಲ್ಲಿ 55. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು ಹಾಕಿದ ಮಿತಿಯೂ 55. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದು 45. ಅದಕ್ಕೆ ಇದೇ ಯಂತ್ರ 300 ಮೀಟರಿಗೂ ಆಚೆ ಹೋಗಬೇಕು. ಸದ್ದನ್ನು 10 ಡೆಸಿಬಲ್ ಇಳಿಸಿದರೆ ಬೇಕಾಗುವ ದೂರ ಮೂರರಲ್ಲೊಂದಕ್ಕೆ ಬರುತ್ತದೆ. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯಕ್ಕೆ ಹಗಲಿನ ಮಿತಿ 50, ರಾತ್ರಿಯದು 40.

ಹೊತ್ತಿನ ಲೆಕ್ಕ ಇನ್ನೂ ಮುಖ್ಯ. ಹಗಲು ಕಾದ ನೆಲದ ಮೇಲಿನ ಬಿಸಿ ಗಾಳಿ ಸದ್ದನ್ನು ಮೇಲಕ್ಕೆ ಬಾಗಿಸಿ ಆಕಾಶಕ್ಕೆ ಒಯ್ಯುತ್ತದೆ. ಬೆಳದಿಂಗಳ ಚಳಿ ರಾತ್ರಿಯಲ್ಲಿ ನೆಲದ ಬಳಿ ತಂಪು, ಮೇಲೆ ಬಿಸಿ; ಆಗ ಸದ್ದು ಕೆಳಕ್ಕೆ ಬಾಗಿ ನೆಲ ಹಿಡಿದು ಓಡುತ್ತದೆ. ಗುಡ್ಡವಿಲ್ಲದ ದೋಆಬ್ ಬಯಲಿನಲ್ಲಿ ದೂರದ ಕಾಲುವೆಯ ಎಂಜಿನ್ ನಸುಕಿನಲ್ಲಿ ಪಕ್ಕದ ಹೊಲದ್ದೇನೋ ಎನ್ನುವಂತೆ ಕೇಳುವುದು ಇದರಿಂದ. ಬಿಸಿಲು ತಪ್ಪಿಸಲು ನಸುಕಿನಲ್ಲೇ ಕೊಯ್ಲು ಶುರು ಮಾಡುವ ಆಳುಗಳ ಕಷ್ಟವೂ ನಿಜವೇ. ಹಾಗಿದ್ದಾಗ ದಿಮ್ಮಿ ಹೊರಳಿಸುವುದು, ತೊಗಟೆ ತೆಗೆಯುವುದು, ಗುರುತು ಹಾಕುವುದನ್ನು ನಸುಕಿಗೆ ಇಟ್ಟುಕೊಂಡು, ಎಂಜಿನ್ನನ್ನು ಹೊತ್ತು ಏರಿದ ಮೇಲೆ ಓಡಿಸಬಹುದು.

ಕೊಯ್ಯುವುದಕ್ಕೇ ಕಾಯಿದೆ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ನೀಲಗಿರಿ, ಸರ್ವೆ, ಸುಬಾಬುಲ್, ಬಳ್ಳಾರಿ ಜಾಲಿಯ ಕುಲದ ಮರಗಳಿಗೆ ವಿನಾಯಿತಿ ಕೊಟ್ಟಿದೆ. ಬೇವಿಗೆ ಅನುಮತಿ ಬೇಕು. ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಿಂದ ಕೊಟ್ಟ ಆದೇಶಗಳು ಸಾಮಿಲ್ಲುಗಳ ಮೇಲೆ ಬಿಗಿ ಹಿಡಿತ ತಂದವು, 2016ರಲ್ಲಿ ಮರ ಆಧಾರಿತ ಕೈಗಾರಿಕೆಗಳಿಗೆ ಕೇಂದ್ರದ ಮಾರ್ಗಸೂಚಿ ಬಂತು. ಗರಗಸಕ್ಕೆ ಚಕ್ರ ಇದೆ ಎಂದ ಮಾತ್ರಕ್ಕೆ ಪರವಾನಗಿಯ ಪ್ರಶ್ನೆ ಹೋಗುವುದಿಲ್ಲ. ಯಂತ್ರ ಕೊಳ್ಳುವ ಮುನ್ನ ಅರಣ್ಯ ಇಲಾಖೆಯಲ್ಲಿ ಕೇಳಿ ಬರುವುದು ಲೇಸು.

ಕಿವಿ

ಮೂರಡಿ ದೂರದವನಿಗೆ ಕೂಗಿ ಹೇಳಬೇಕಾದರೆ ಅಲ್ಲಿ ಸದ್ದು 85 ಡೆಸಿಬಲ್ ದಾಟಿದೆ ಎಂದು ತಿಳಿಯಬಹುದು, ಮೀಟರು ಬೇಕಿಲ್ಲ. ನಮ್ಮ ಕಾರ್ಖಾನೆ ನಿಯಮಗಳು ದಿನಕ್ಕೆ 8 ಗಂಟೆಗೆ 90 ಡೆಸಿಬಲ್, ನಂತರ ಪ್ರತಿ 5 ಡೆಸಿಬಲ್ ಏರಿಕೆಗೆ ಅರ್ಧ ಹೊತ್ತು ಎನ್ನುತ್ತವೆ. ಮೇಲೆ ಹೇಳಿದ 102 ಡೆಸಿಬಲ್ಲಿನ ಯಂತ್ರದ ಬಳಿ ಒಂದೂವರೆ ಗಂಟೆ, ಸೈಲೆನ್ಸರ್ ಹಾಕಿದ 98ರಲ್ಲಿ ಎರಡೂವರೆ ಗಂಟೆ. 85ರಿಂದ ಲೆಕ್ಕ ಹಿಡಿದು ಪ್ರತಿ 3 ಡೆಸಿಬಲ್ಲಿಗೆ ಅರ್ಧ ಮಾಡುವ ಅಮೆರಿಕದ ಆರೋಗ್ಯ ಸಂಸ್ಥೆಯ ಕಟ್ಟುನಿಟ್ಟಿನ ಅಳತೆಯಲ್ಲಿ 98ಕ್ಕೆ ಅರ್ಧ ಗಂಟೆಯೂ ಸಿಗದು. ಹೊಲದಲ್ಲಿ ಕೊಯ್ಯುವ ಆಳು ದಿನವಿಡೀ ನಿಲ್ಲುತ್ತಾನೆ. ಅವನ ಹೊಲ ಕಾರ್ಖಾನೆಯಲ್ಲ, ಲೆಕ್ಕ ಇಡುವವರೂ ಇಲ್ಲ. 1948ರ ಕಾರ್ಖಾನೆ ಕಾಯಿದೆಯ ಕಾಯಿಲೆಗಳ ಪಟ್ಟಿಯಲ್ಲಿ ಸದ್ದಿನಿಂದ ಬರುವ ಕಿವುಡು ಸೇರಿತ್ತು, ಆದರೂ ಅದು ಅವನನ್ನು ಮುಟ್ಟಲಿಲ್ಲ.

ಈ ಕಿವುಡು ನೋವಿಲ್ಲದೆ ಬರುತ್ತದೆ. ಮೊದಲು ಹೋಗುವುದು 4,000 ಹರ್ಟ್ಸ್ ಸುತ್ತಲಿನ ಕೇಳ್ಮೆ. ಮಾತು ಕೇಳುತ್ತದೆ, ಅಕ್ಷರ ಬಿಡಿಸಿ ಕೇಳುವುದಿಲ್ಲ. ಹಲಗೆ ‘ಹಾಕು’ ಅಂದದ್ದೋ ‘ಹಾಸು’ ಅಂದದ್ದೋ ತಿಳಿಯದೆ ಎದುರಿನವರ ಬಾಯಿ ನೋಡುತ್ತಾನೆ. ಮೊಮ್ಮಗಳ ಸಣ್ಣ ದನಿ ಗಂಡಸರ ದನಿಗಿಂತ ಮೊದಲೇ ಅವನಿಂದ ದೂರವಾಗುತ್ತದೆ. ಹೋದದ್ದು ಔಷಧಿಗೆ ಮರಳುವುದಿಲ್ಲ.

ಹತ್ತಿಯ ಸೀಮೆಯಲ್ಲಿ ಕಿವಿಗೆ ಹತ್ತಿ ತುರುಕಿಕೊಳ್ಳುವುದು ಸಹಜ ರೂಢಿ. ಅದು ಧೂಳು ತಡೆಯುತ್ತದೆ, ಸದ್ದು ತಡೆಯುವುದು ತೀರ ಕಡಿಮೆ. ಕೆಲವೇ ರೂಪಾಯಿಯ ಫೋಮ್ ಬಿರಡೆಯನ್ನು ಹುರಿಯಂತೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಬೆರಳು ಒತ್ತಿ ಹಿಡಿದರೆ 15–20 ಡೆಸಿಬಲ್ ಇಳಿಯುತ್ತದೆ. ಮೇಲುಮೇಲೆ ಇಟ್ಟುಕೊಂಡರೆ ಏನೂ ಸಿಗದು. ತಲೆಗೆ ಹಾಕುವ ಇಯರ್‌ಮಫ್ ಇನ್ನೂ ಗಟ್ಟಿ ತಡೆ, ಆದರೆ ಮೇ ತಿಂಗಳ ಬೆವರಿನಲ್ಲಿ ಯಾರೂ ಅದನ್ನು ಒಂದು ತಾಸು ಇಟ್ಟುಕೊಳ್ಳರು. ಬೇಸಿಗೆಗೆ ಬಿರಡೆಯೇ ವಾಸಿ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಪರೀಕ್ಷೆಗೆ ಅಷ್ಟು ದೂರ ಹೋಗಬೇಕಿಲ್ಲ. ಕಿವಿ, ಮೂಗು, ಗಂಟಲಿನ ವೈದ್ಯರಿರುವ ದೊಡ್ಡ ಆಸ್ಪತ್ರೆಯಲ್ಲಿ ಕೇಳಿದರೆ ಸಾಕು. ಪರೀಕ್ಷೆಗೆ ಹೋಗುವ ಹಿಂದಿನ ದಿನ ಎಂಜಿನ್ ಬಳಿ ನಿಲ್ಲಬಾರದು. ಆ ದಿನದ ಗುಂಯ್‌ಗುಟ್ಟುವಿಕೆ ಇಳಿದ ಮೇಲೆ ಉಳಿದಿರುವುದೇ ನಿಜವಾದ ಕೇಳ್ಮೆ.